ಕಟ್ಟೆಗಲ್ಲಿನ ಇಪ್ಪತ್ತೈದು ಮನೆ

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಎರಡು ದಿನ ಉದಗಾಂವದಲ್ಲಿದ್ದೆವು. ಶಿಕ್ಷಕರ ತರಬೇತಿಯ ಕಾಲದಲ್ಲಿ ನಮ್ಮೊಂದಿಗೆ ಒಂದೇ ಕೋಣೆಯಲ್ಲಿದ್ದ ಗೆಳೆಯರ ಊರದು. ಜಯಸಿಂಗಪುರದಲ್ಲಿ ರೈಲಿನಿಂದಿಳಿದು ಸಾಂಗಲಿಯ ರಸ್ತೆ ಹಿಡಿದರೆ ಊರು ಬಂದೇ ಬಿಡುತ್ತದೆ. ಮುಂದೆ ಕೃಷ್ಣೆಯ ಸೇತುವೆ, ಆಚೆ ಅಂಕಲಿ. ಹರಿಪುರದಲ್ಲಿ ವಾರಣೆಯನ್ನು ಕೂಡಿಸಿಕೊಂಡು ಬಂದ ಹೊಳೆ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡುವ ಮೊದಲು ಈ ಊರ ಮಗ್ಗುಲಲ್ಲಿ ಹಾಯುತ್ತದೆ. ಕಬ್ಬು ಬೆಳೆಯಲು ಇದಕ್ಕಿಂತ ಒಳ್ಳೆಯ ಭೂಮಿ ಬೇಕಿಲ್ಲ. ಮನೆ ಕಟ್ಟುವವರು ಮಾತ್ರ ನಾಲ್ಕು ಸಲ ಯೋಚಿಸಬೇಕು. 2005, 2019, 2021ರ ಮಹಾಪೂರಗಳ ಗುರುತು ಗೆಳೆಯರ ಮನೆಯ ಗೋಡೆಯ ಮೇಲೆ ಒಂದರ ಮೇಲೊಂದು ಗೆರೆಯಾಗಿ ನಿಂತಿದೆ.

ಆ ಮನೆಯನ್ನು ಸಂಕ್ರಾಂತಿ ಕಳೆದ ಮೇಲೆ ಕೆಡಹುವುದೆಂದು ನಿಶ್ಚಯವಾಗಿತ್ತು. ಎತ್ತರದ ಜಾಗದಲ್ಲಿ ಹೊಸ ಮನೆ ಎದ್ದಿದೆ. "ಹಳೇ ಕಟ್ಟೀ ಮ್ಯಾಲೆ ಒಂದ ಆಟ ಆಡಿ ಹೋಗ್ರಿ" ಎಂದು ಗೆಳೆಯರು ಕರೆದರು, ನಾವು ಹೋದೆವು.

ಮೊದಲ ಸಂಜೆ ಚದುರಂಗ. ಸಾಂಗಲಿಯೆಂದರೆ ಬುದ್ಧಿಬಳದ ಊರು. ಭಾವೂಸಾಹೇಬ ಪಡಸಲಗೀಕರರೂ ಅವರ ನೂತನ ಬುದ್ಧಿಬಳ ಮಂಡಳವೂ ಆ ಊರಿಗೆ ತಂದ ಹೆಸರನ್ನು ಬಲ್ಲವರು ಬಲ್ಲರು. ಸ್ವಾತಿ ಘಾಟೆಯವರು ಹುಟ್ಟಿದ್ದೂ ಅಲ್ಲಿಯೇ. ಆ ಗಾಳಿ ಸೇತುವೆ ದಾಟಿ ಬಂದಿರಬೇಕು, ಗೆಳೆಯರು ನಮ್ಮನ್ನು ಮೂರು ಆಟದಲ್ಲಿ ಮೂರು ಸಲವೂ ಸೋಲಿಸಿದರು. ಅದರ ವಿವರ ವಾಚಕರಿಗೆ ಬೇಡ.

ಮರುದಿನ ಕಟ್ಟೆಯ ಮೇಲೆ ಚೌಕಾಬಾರ. ಕಟ್ಟೆಯ ಅಂಚಿನ ಕರಿಗಲ್ಲಿನಲ್ಲಿ ಯಾರೋ ಹಿರಿಯರು ಉಳಿಯಿಂದ ಕೊರೆದ ಐದೈದು ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವಿಗೂ ಒಳಮಧ್ಯಕ್ಕೂ ಕತ್ತರಿ ಗುರುತು. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಆಡಲು ಕುಳಿತವರು ಗೆಳೆಯರು, ಅವರ ಮೊಮ್ಮಗ, ನಾವು ಮತ್ತು ಎಂಬತ್ತು ದಾಟಿದ ಅವರ ಅವ್ವ. ಹೊರಸುತ್ತಿನ ಹದಿನಾರು ಮನೆ ತಿರುಗಿ ಒಳಸುತ್ತಿಗೆ ಹೋಗಬೇಕಾದರೆ ಎದುರಿನವರ ಒಂದು ಕಾಯಿಯನ್ನಾದರೂ ಕಡಿದಿರಬೇಕು. ನಾವು ಯಾರನ್ನೂ ಕಡಿಯಲಾರದೆ ಗಾಣದೆತ್ತಿನಂತೆ ಹೊರಗೇ ಸುತ್ತಿದೆವು.

ಮೊಮ್ಮಗನಿಗೆ ನಾವು ಲೆಕ್ಕ ತಿಳಿಸಿದೆವು. ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವುದು ಆರು ಬಗೆ, ನಾಲ್ಕೂ ಅಂಗಾತ ಬಿದ್ದು ಚೌಕವಾಗುವುದು ಒಂದೇ ಬಗೆ, ನಾಲ್ಕೂ ಬೋರಲಾಗಿ ಎಂಟರ ಬಾರವಾಗುವುದೂ ಒಂದೇ. ಮಾತು ಮುಗಿಯುವಷ್ಟರಲ್ಲಿ ಅವ್ವ ಬೆನ್ನುಬೆನ್ನಿಗೆ ಎರಡು ಬಾರ ಹಾಕಿ ನಮ್ಮ ಕಾಯಿಯನ್ನೂ ಕಡಿದರು. "ಮಾಸ್ತರ, ಲೆಕ್ಕಾ ನಿಮ್ಮದು, ಕವಡಿ ನಂದು" ಎಂದರು. ಕವಡೆಯ ಎರಡು ಮೈ ಸಮನಲ್ಲ, ನಮ್ಮ ಲೆಕ್ಕ ಅದಕ್ಕೆ ಪೂರ್ತಿ ಒಪ್ಪದು ಎಂಬುದು ಆಮೇಲೆ ಹೊಳೆಯಿತು.

ಹುಡುಗ ಮರಾಠಿ ಶಾಲೆಗೆ ಹೋಗುತ್ತಾನೆ. ಮನೆ ಎಣಿಸುವುದು ಏಕ, ದೋನ, ತೀನ ಎಂದೇ. ಕಾಯಿ ನಡುಮನೆ ಸೇರಿದಾಗ ಮಾತ್ರ "ಹಣ್ಣಾತು!" ಎಂದು ಕೂಗುತ್ತಾನೆ. ಆ ಮಾತನ್ನು ಅವನು ಅಜ್ಜಿಯ ಬಾಯಿಂದ ಈ ಕಲ್ಲಿನ ಮುಂದೆ ಕಲಿತದ್ದು. ಕನ್ನಡದ ಒಂದಕ್ಷರವನ್ನೂ ಅವನು ಬರೆಯಲಾರ. ಮೂವತ್ತು ವರ್ಷ ಕನ್ನಡ ಕಲಿಸಿದ ನಮಗೆ ಆ ಕೂಗು ಸಂತೋಷವನ್ನೂ ನಾಚಿಕೆಯನ್ನೂ ಕೂಡಿಯೇ ತಂದಿತು.

2019ರ ಆಗಸ್ಟಿನಲ್ಲಿ ನೀರೇರಿದಾಗ ಈ ಮನೆಯವರೆಲ್ಲ ಒಂದು ಶಾಲೆಯಲ್ಲಿ ಆಶ್ರಯ ಪಡೆದಿದ್ದರಂತೆ. ಅವ್ವ ಗಂಟು ಕಟ್ಟುವಾಗ ದಾಗೀನಿನ ಜೊತೆಗೆ ಕವಡೆಯ ಚೀಲವನ್ನೂ ಇಟ್ಟುಕೊಂಡರಂತೆ. ತರಗತಿಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮನೆ ಬರೆದು ಆಡಿದರು. ಯಾರ ಎಮ್ಮೆ ಹೋಯಿತು, ಯಾರ ಗೋಡೆ ಬಿತ್ತು ಎಂಬ ಸುದ್ದಿ ಬಂದಾಗೆಲ್ಲ ಆಟ ನಿಲ್ಲುತ್ತಿತ್ತು, ಮತ್ತೆ ಸಾಗುತ್ತಿತ್ತು. ನೀರಿಳಿದ ಮೇಲೆ ಕಟ್ಟೆಯ ರಾಡಿಯನ್ನು ಅವ್ವ ತಾವೇ ಕೆರೆದು ಮನೆಗಳನ್ನು ಹುಡುಕಿದರು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳನ್ನೇ ವಿಸ್ತರಿಸಿ ಬರೆಯಿಸಿದ್ದಾರೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಮನೆಗಳನ್ನು ನಾವು ಮಕ್ಕಳ ಪ್ರವಾಸದಲ್ಲಿ ಕಂಡಿದ್ದೇವೆ. ಅರಸರ ಆಟಕ್ಕೆ ಅರಮನೆಯ ಗೋಡೆಯಿದೆ. ಈ ಕಲ್ಲಿನ ಗತಿಯೇನು ಎಂದು ನಾವು ಕೇಳಿದೆವು.

"ಅಡಿಪಾಯಕ್ಕ ಹಾಕ್ತಾರ" ಎಂದರು ಗೆಳೆಯರು, ದನಿ ತಗ್ಗಿಸಿ. ಅವ್ವನಿಗೆ ಕೇಳಿಸಿತು. ಅವರು ಏನೂ ಅನ್ನದೆ ಕವಡೆ ಉರುಳಿಸಿದರು, ಮೂರು ಬಿತ್ತು.

ನಮ್ಮ ಬಸ್ಸಿನ ಹೊತ್ತಾಗಿ ಆಟ ಅರ್ಧಕ್ಕೇ ನಿಂತಿತು. ಫೆಬ್ರವರಿಯಲ್ಲಿ ಗೆಳೆಯರ ಫೋನು ಬಂದಿತು. ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ಹೊಸ ಮನೆಗೆ ಒಯ್ದು ಬಾಗಿಲ ಮುಂದಿನ ಮೆಟ್ಟಿಲಿಗೆ ಹಾಕಿಸಿದ್ದಾರೆ. ಗೌಂಡಿಯು ನುಣುಪು ಮಗ್ಗುಲು ಮೇಲಿರಲೆಂದು ಕೊರೆದ ಮಗ್ಗುಲನ್ನು ಕೆಳಗೆ ಮಾಡಿ ಕೂರಿಸಿದ್ದನಂತೆ. ಅವ್ವ ಅಲ್ಲಿಯೇ ಕುಳಿತು, ಗಿಲಾಯಿ ಒಣಗುವ ಮೊದಲೇ ಅದನ್ನು ಎಬ್ಬಿಸಿ ತಿರುವಿ ಹಾಕಿಸಿದರು.