ಗಾಡಿ ಲಾಕ್

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ತೋಡು. ತೋಡಿಗೆ ಅಡ್ಡಲಾಗಿ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಬದಿಯಡ್ಕದಲ್ಲಿ ಬಸ್ಸಿಳಿದು, ಗುಡ್ಡ ಹತ್ತಿ, ಗುಡ್ಡ ಇಳಿದು, ಮೂರು ಮೈಲಿ ನಡೆದರೆ ಸಿಗುವ ಆ ಮೂಲೆಗೆ ಮಳೆಗಾಲದಲ್ಲಿ ಸೈಕಲ್ಲು ಬರುವುದೂ ಕಷ್ಟ. ಅಂಥ ಊರಿನಲ್ಲಿ, 1980ರ ಆಸುಪಾಸಿನಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನ ಹೆಸರು ಕೇಳದ ಒಂದು ಜೀವವೂ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಾರು ಮಾಡಿದ ಡೆಟ್ರಾಯಿಟಿನವರಂತೂ ನಂಬಲಿಕ್ಕೇ ಇಲ್ಲ. ಆದರೂ ಅದು ನಿಜ. ಕಾರಣ, ಸಂಕದಾಚೆಯ ಡ್ರೈವರಿಚ್ಚ.

ನಮ್ಮ ಕಡೆಯ ಮುಸಲ್ಮಾನರ ಮನೆಗಳಲ್ಲಿ ಅಣ್ಣನಿಗೆ ಇಚ್ಚ ಎನ್ನುತ್ತಾರೆ. ಕುವೈತಿನ ಒಬ್ಬ ಅರಬಿಯ ಮನೆಯಲ್ಲಿ ಹೌಸ್ ಡ್ರೈವರ್ ಆಗಿದ್ದ ಅವರು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಊರಿಗೆ ಬರುತ್ತಿದ್ದರು. ಬಂದ ಮಾರನೆಯ ದಿನವೇ ಸಂಕ ದಾಟಿ ನಮ್ಮಲ್ಲಿಗೆ. ಅಜ್ಜಿಯ ಗಂಟುನೋವಿಗೆ ಕೊಡಲಿ ಮಾರ್ಕಿನ ಎಣ್ಣೆ, ಶಾಲೆ ಮಾಷ್ಟ್ರಾದ ಅಪ್ಪನಿಗೆ ಒಂದು ಪೆನ್ನು, ನನಗೆ ಚಾಕೊಲೇಟು. ಇಷ್ಟು ಹಂಚಿ ಮುಗಿದ ಮೇಲೆ ಅಂಗಿಯ ಕಿಸೆಯಿಂದ ಒಂದು ಬಣ್ಣದ ಫೋಟೊ ಹೊರಬರುತ್ತಿತ್ತು. ಬಿಳಿ ಗೋಡೆಯ ಮುಂದೆ ಕಪ್ಪು ಕಾರು. ಅದರ ಮೂತಿಯಿಂದ ಬಾಲದವರೆಗೆ ಪೂರ್ತಿ ಹಿಡಿಸಬೇಕೆಂದು ಫೋಟೊ ತೆಗೆದವನು ಹಿಂದೆ ಹಿಂದೆ ಸರಿದು, ಪಕ್ಕದಲ್ಲಿ ನಿಂತ ಇಚ್ಚನನ್ನು ಹೆಬ್ಬೆರಳಿನಷ್ಟು ಮಾಡಿಬಿಟ್ಟಿದ್ದ.

“ಕಾಡಿಲಾಕ್” ಎಂದರು ಇಚ್ಚ, ಮೊದಲ ಸಲ ಅದನ್ನು ತೋರಿಸುತ್ತ.

ಅಜ್ಜಿಗೆ ಕಿವಿ ಸ್ವಲ್ಪ ಮಂದ. “ಗಾಡಿ ಲಾಕಾ? ಲಾಕಾದ ಗಾಡಿ ಓಡಿಸುವುದಕ್ಕೂ ಸಂಬಳ ಕೊಡುತ್ತಾರಾ ಅವರು?” ಎಂದು ಕೇಳಿದಳು. ಅಪ್ಪ ನಕ್ಕು ಉಚ್ಚಾರ ತಿದ್ದಲು ನೋಡಿದರು, ಫಲಿಸಲಿಲ್ಲ. ಅಜ್ಜಿಯ ಬಾಯಲ್ಲಿ ಅದು ಕೊನೆಯವರೆಗೂ ಗಾಡಿ ಲಾಕ್ ಆಗಿಯೇ ಉಳಿಯಿತು. ಇಚ್ಚನಿಗೆ ಬೇಸರವಿಲ್ಲ. “ಆ ಮುದುಕಿಯೊಬ್ಬಳೇ ನನ್ನ ಕಾರಿಗೆ ಕನ್ನಡದ ಹೆಸರಿಟ್ಟದ್ದು” ಎನ್ನುತ್ತಿದ್ದರು.

ಕ್ಯಾಡಿಲಾಕ್ ಕಂಪೆನಿಯವರು ತಮ್ಮ ಕಾರನ್ನು ಜಗತ್ತಿನ ಅಳತೆಗೋಲು ಎಂದು ಜಾಹೀರಾತಿನಲ್ಲಿ ಕರೆದುಕೊಳ್ಳುತ್ತಿದ್ದರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಇಚ್ಚ ಅದನ್ನು ಓದಿರಲಿಲ್ಲ, ಆದರೆ ಅಕ್ಷರಶಃ ಪಾಲಿಸುತ್ತಿದ್ದರು. ನಮ್ಮ ಜಗಲಿಯನ್ನು ಹೆಜ್ಜೆ ಹಾಕಿ ಅಳೆದು, “ಮಾಷ್ಟ್ರೆ, ನಿಮ್ಮ ಜಗಲಿಗಿಂತ ಕಾರು ಒಂದೂವರೆ ಅಡಿ ಜಾಸ್ತಿ” ಎಂದರು. ಕಾರು ಹದಿನೆಂಟು ಅಡಿಗೂ ಮಿಕ್ಕಿ ಉದ್ದವಿತ್ತು, ಲೆಕ್ಕ ತಪ್ಪಿರಲಿಕ್ಕಿಲ್ಲ. ಹೊರಗೆ ಬಿಸಿಲು ಐವತ್ತು ಡಿಗ್ರಿ ಇದ್ದರೆ ಒಳಗೆ ಮಾಘಮಾಸದ ಬೆಳಗ್ಗೆಯ ಅಡಿಕೆ ತೋಟದ ತಂಪು. “ಎಂಜಿನ್ ಉಂಟಾ ಇಲ್ವಾ ಅಂತ ಗೊತ್ತಾಗುದಿಲ್ಲ. ಕೈಗಡಿಯಾರದ ಟಿಕ್ ಟಿಕ್ ಕೇಳ್ತದೆ.” ಇದನ್ನು ಪರೀಕ್ಷಿಸಲು ನಾನು ಅಪ್ಪನ ಗಡಿಯಾರವನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ಜಗಲಿಯಲ್ಲಿ ಕೂರುತ್ತಿದ್ದೆ. ಜಗಲಿ ಮೆಲ್ಲನೆ ಹೊರಡುತ್ತಿತ್ತು.

ಕ್ರಮೇಣ ಊರವರ ಬಾಯಲ್ಲಿ ಅದು ಕಾರಿನ ಹೆಸರಾಗಿ ಉಳಿಯದೆ ವಿಶೇಷಣವಾಯಿತು. ರುಚಿಯಾದ ಹಲಸು ಕಾಡಿಲಾಕ್ ಹಲಸು. ಒದೆಯದೆ ಹಾಲು ಕೊಡುವ ಎಮ್ಮೆ ಕಾಡಿಲಾಕ್ ಎಮ್ಮೆ. ಸೋಜಿಗವೆಂದರೆ ಅಮೆರಿಕದಲ್ಲೂ ಇದೇ ಆಗಿತ್ತು. ಅಲ್ಲಿಯವರೂ ಯಾವ ವಸ್ತುವನ್ನಾದರೂ ಹೊಗಳಬೇಕಾದರೆ ಅದು ತನ್ನ ಜಾತಿಯಲ್ಲಿ ಕ್ಯಾಡಿಲಾಕ್ ಎನ್ನುತ್ತಾರೆ. ಪರಸ್ಪರ ಒಂದು ಕಾಗದವನ್ನೂ ಬರೆದುಕೊಳ್ಳದ ಎರಡು ಊರುಗಳು ಒಂದೇ ಮಾತಿಗೆ ಬಂದು ನಿಂತಿದ್ದವು.

ದೊಡ್ಡವನಾದ ಮೇಲೆ, ಬಾಲ್ಯದಲ್ಲಿ ಕೇಳಿದ ದೇವರ ಊರನ್ನು ಹುಡುಕಿಕೊಂಡು ಹೋಗುವವರ ಹಾಗೆ, ನಾನು ಆ ಕಾರಿನ ಚರಿತ್ರೆ ಹುಡುಕಿ ಓದಿದೆ. ಹೆನ್ರಿ ಫೋರ್ಡ್ ಜಗಳವಾಡಿ ಬಿಟ್ಟುಹೋದ ಒಂದು ಕಂಪೆನಿ 1902ರಲ್ಲಿ ಮುಚ್ಚುವ ಸ್ಥಿತಿಯಲ್ಲಿತ್ತಂತೆ. ಸಾಮಾನುಗಳಿಗೆ ಬೆಲೆ ಕಟ್ಟಿ ಹೋಗಲು ಬಂದ ಹೆನ್ರಿ ಲೇಲೆಂಡ್ ಎಂಬಾತ, ಮುಚ್ಚಬೇಡಿ, ಇದರಲ್ಲೇ ಕಾರು ಮಾಡೋಣ ಎಂದ. ಹುಟ್ಟಿದ ಕಾರಿಗೆ, 1701ರಲ್ಲಿ ಡೆಟ್ರಾಯಿಟ್ ಪಟ್ಟಣಕ್ಕೆ ತಳಹದಿ ಹಾಕಿದ ಫ್ರೆಂಚ್ ಸಾಹಸಿ ಆಂಟ್ವಾನ್ ಕ್ಯಾಡಿಲಾಕನ ಹೆಸರಿಟ್ಟರು. ಕಾರಿನ ಮೂತಿಯ ಮೇಲಿನ ರಾಜಲಾಂಛನವೂ ಅವನದೇ.

ತಮಾಷೆ ಇರುವುದು ಇಲ್ಲಿ. ಆ ಮಹಾನುಭಾವ ಕುಲೀನನೇ ಆಗಿರಲಿಲ್ಲ. ಊರಿನಲ್ಲಿ ಅವನು ಬರೇ ಲೋಮೆ. ಕಡಲು ದಾಟಿದ ಮೇಲೆ ಕ್ಯಾಡಿಲಾಕಿನ ಪ್ರಭು ಎಂದು ತಾನೇ ಹೆಸರಿಟ್ಟುಕೊಂಡು, ಲಾಂಛನವನ್ನೂ ತಾನೇ ಕಟ್ಟಿಕೊಂಡವನು. ಓದಿದಾಗ ನನಗೆ ನಗು ಬಂತು, ಸಿಟ್ಟು ಬರಲಿಲ್ಲ. ಕಡಲು ದಾಟಿದವರಿಗೆ ಹೊಸ ಹೆಸರು ಹತ್ತುವುದು ನಮಗೆ ಹೊಸತೇ? ಹೋಗುವಾಗ ಏಕವಚನದಲ್ಲಿ ಹೋದವರು ಬರುವಾಗ ಬಹುವಚನದಲ್ಲಿ ಬಂದದ್ದನ್ನು ಬದಿಯಡ್ಕದ ಬಸ್‌ಸ್ಟ್ಯಾಂಡು ಎಷ್ಟು ಕಂಡಿಲ್ಲ! ಹೆಸರು ಬದಲಾಗಲು ಕಡಲನ್ನು ದಾಟಲೇಬೇಕೆಂದೂ ಇಲ್ಲ. 1956ರ ನವೆಂಬರ್ 1ರಂದು ನಮ್ಮ ಅಜ್ಜಿ ಜಗಲಿಯಲ್ಲಿ ಕೂತಲ್ಲೇ ಮದ್ರಾಸಿನಿಂದ ಕೇರಳಕ್ಕೆ ಹೋದವಳು. ತಾನು ಎಲ್ಲಿಗೂ ಹೋಗಿಲ್ಲವೆಂದೇ ಅವಳು ಸಾಯುವವರೆಗೂ ನಂಬಿದ್ದಳು.

ಲಾಂಛನ ಸುಳ್ಳಾದರೂ ಕೆಲಸ ಸುಳ್ಳಲ್ಲ. 1908ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲಾಕ್‌ಗಳನ್ನು ನಟ್ಟು ಬೋಲ್ಟಿನವರೆಗೆ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಒಂದೇ ರಾಶಿಗೆ ಬೆರೆಸಿ, ಆ ರಾಶಿಯಿಂದ ಮತ್ತೆ ಮೂರು ಕಾರು ಕಟ್ಟಿ, 500 ಮೈಲಿ ಓಡಿಸಿ ತೋರಿಸಿದರು. ಒಂದರ ಭಾಗ ಇನ್ನೊಂದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವುದು ಆ ಕಾಲಕ್ಕೆ ಪವಾಡ. ಡ್ಯೂವರ್ ಟ್ರೋಫಿ ಎಂಬ ದೊಡ್ಡ ಬಹುಮಾನ ಅದಕ್ಕೆ ಬಂತು. ಮರುವರ್ಷ ಕಂಪೆನಿ ಜನರಲ್ ಮೋಟರ್ಸ್‌ನ ಕೈಸೇರಿತು. ಇದನ್ನು ನಾನು ಇಚ್ಚನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಜೀಪಿನದ್ದು ಅದರದೇ ಭಾಗ ಅದಕ್ಕೇ ಕೂರುದಿಲ್ಲ” ಎಂದರು.

ಜೀಪಿನ ಕತೆಗೆ ಮುಂಚೆ 1990ರ ಕತೆ ಹೇಳಬೇಕು. ಆ ವರ್ಷ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬೇಸಿಗೆಯೆಂದು ಅರಬಿಯ ಸಂಸಾರ ಲಂಡನ್ನಿಗೆ ಹೋಗಿತ್ತು. ಮನೆಯಲ್ಲಿ ಇಚ್ಚ ಮತ್ತು ಕಾರು. ಕೆಲವು ವಾರ ಕಾದು, ಕೊನೆಗೆ ಸಿಕ್ಕಿದ ಬಸ್ಸು ಹಿಡಿದು, ಬಸ್ರಾ, ಬಾಗ್ದಾದ್ ಹಾದು, ಜೋರ್ಡಾನಿನ ಅಮ್ಮಾನ್ ತಲುಪಿ, ಏರ್ ಇಂಡಿಯಾದ ವಿಮಾನ ಹತ್ತಿದರು. ಹಾಗೆ ಆ ವರ್ಷ ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಹಿಂದೆ ಬಂದರು. ಕೊಂಕಣ ರೈಲು ಇನ್ನೂ ಇರಲಿಲ್ಲ; ಬೊಂಬಾಯಿಯಿಂದ ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ಬದಿಯಡ್ಕ, ಅಲ್ಲಿಂದ ನಡಿಗೆ. ಸಂಕದ ಮೇಲೆ ಅವರು ಕಾಣಿಸಿಕೊಂಡಾಗ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಅಜ್ಜಿಗೆ ಎಣ್ಣೆ ತರಲಿಕ್ಕಾಗಲಿಲ್ಲ ಎಂದು ಮೊದಲು ಹೇಳಿದರು. ಆಮೇಲೆ ಕಿಸೆಗೆ ಕೈಹಾಕಿದರು. ಫೋಟೊ ಬರುತ್ತದೆಂದು ನಾವು ಕಾದರೆ ಬಂದದ್ದು ಒಂದು ಕೀಲಿಕೈ.

ಆ ಕಾಲದ ಜನರಲ್ ಮೋಟರ್ಸ್ ಕಾರುಗಳಿಗೆ ಎರಡು ಕೀಲಿ. ಚೌಕ ತಲೆಯದ್ದು ಎಂಜಿನ್ ಚಾಲೂ ಮಾಡಲು, ದುಂಡು ತಲೆಯದ್ದು ಬಾಗಿಲಿಗೆ. ಚೌಕದ್ದನ್ನು ಅರಬಿಯ ಮನೆಯೊಳಗೆ ಅದರ ಮೊಳೆಗೆ ತೂಗುಹಾಕಿ, ಮನೆಗೆ ಬೀಗ ಹಾಕಿ, ಕಾರು ತೊಳೆದು, ನಾಲ್ಕೂ ಬಾಗಿಲು ಲಾಕ್ ಮಾಡಿ ಇಚ್ಚ ಹೊರಟಿದ್ದರು. ಕಿಸೆಯಲ್ಲಿದ್ದದ್ದು ದುಂಡು ತಲೆಯದ್ದು. ಅಂದರೆ ಓಡಿಸಲು ಬಾರದ ಕೀಲಿ. ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಹತ್ತು ವರ್ಷದ ಹಿಂದೆ ತಾನು ಆಡಿದ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ. “ಯುದ್ಧ ಬಂದಾಗ ಕಾರು ತೊಳೆದು ಬಂದೆಯಾ?” ಎಂದು ಮಾತ್ರ ಕೇಳಿದಳು. “ಧೂಳು ಕೂತಿತ್ತಲ್ಲ ಅಮ್ಮ” ಎಂದರು ಇಚ್ಚ.

ಮುಂದೆ ಅವರು ಜೀಪು ಓಡಿಸಿದರು. ಬದಿಯಡ್ಕದಿಂದ ಒಳಗಿನ ಊರುಗಳಿಗೆ ಟ್ರಿಪ್ಪು ಹೊಡೆಯುವ, ಯಾರದ್ದೋ ಜೀಪು. ವಿಲ್ಲೀಸ್ ಜೀಪು ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲೇ ಹುಟ್ಟಿದ್ದು, 1947ರಿಂದ ಮಹೀಂದ್ರದವರು ಇಲ್ಲಿ ಜೋಡಿಸತೊಡಗಿದ್ದು. ಹಾಗೆ ನೋಡಿದರೆ ಇಚ್ಚ ಅಮೆರಿಕ ಬಿಟ್ಟಿರಲಿಲ್ಲ. ಅದರ ಅರಮನೆಯಿಂದ ಕೊಟ್ಟಿಗೆಗೆ ಬಂದಿದ್ದರು, ಅಷ್ಟೆ. ಕ್ಯಾಡಿಲಾಕಿನವರು 1930ರಲ್ಲಿ, ಅಮೆರಿಕದ ಷೇರುಪೇಟೆ ನೆಲಕಚ್ಚಿದ ಬೆನ್ನಿಗೇ, ಹದಿನಾರು ಸಿಲಿಂಡರಿನ ಕಾರು ಮಾಡಿ ಹನ್ನೊಂದು ವರ್ಷದಲ್ಲಿ 4 ಸಾವಿರ ಚಿಲ್ಲರೆ ಮಾತ್ರ ಮಾರಿದರಂತೆ. ನಮ್ಮ ಜೀಪಿಗೆ ಸಿಲಿಂಡರು ನಾಲ್ಕೇ, ಜನ ಹದಿನಾರು. ಹಿಂದೆ ನೇತಾಡುವವರನ್ನು ಲೆಕ್ಕ ಹಿಡಿದಿಲ್ಲ.

ಜೀಪು ಚಾಲೂ ಮಾಡಲು ಹ್ಯಾಂಡಲ್ ಬೇರೆ. ಹೆಂಗಸೊಬ್ಬಳ ನಿಂತುಹೋದ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋದ ಲೇಲೆಂಡನ ಗೆಳೆಯನೊಬ್ಬ, ಅದು ತಿರುಗಿ ಬಡಿದು ದವಡೆ ಮುರಿದುಕೊಂಡು, ಕೊನೆಗೆ ತೀರಿಕೊಂಡನೆಂದು ಕತೆ. ಆ ಸಂಕಟಕ್ಕೆ ಲೇಲೆಂಡ್ ಹಟ ಹಿಡಿದನಂತೆ. ಚಾರ್ಲ್ಸ್ ಕೆಟರಿಂಗ್ ಕಂಡುಹಿಡಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕಿಗೆ ಬಂತು, ಇಷ್ಟಿಷ್ಟಾಗಿ ಲೋಕದ ಕಾರುಗಳಿಗೆಲ್ಲ ಹಬ್ಬಿತು. ಎಂಬತ್ತು ವರ್ಷವಾದರೂ ನಮ್ಮ ಜೀಪಿಗೆ ಆ ಸುದ್ದಿ ಪೂರ್ತಿ ತಲುಪಿರಲಿಲ್ಲ. ಮಳೆಗಾಲದ ಬೆಳಿಗ್ಗೆ ಸೀಟಿನಡಿಯಿಂದ ಹ್ಯಾಂಡಲ್ ಎಳೆದು, ಬಿಸ್ಮಿ ಹೇಳಿ ಒಂದು ಸುತ್ತು ತಿರುವುವ ಮುಂಚೆ ಇಚ್ಚ ಎಲ್ಲರನ್ನೂ ದೂರ ನಿಲ್ಲಿಸುತ್ತಿದ್ದರು. ಪೆಟ್ಟು ಬಿದ್ದರೆ ತನಗೇ ಬೀಳಲಿ ಎಂದು.

ಕ್ಯಾಡಿಲಾಕಿನ ಕೀರ್ತಿಗೂ ಪೆಟ್ಟು ಬಿತ್ತು. 1948ರಲ್ಲಿ ಯುದ್ಧವಿಮಾನವನ್ನು ನೋಡಿ ಕಾರಿಗೆ ಬಾಲದ ರೆಕ್ಕೆ ಮೂಡಿಸಿ, 1959ಕ್ಕೆ ಅದನ್ನು ಆಕಾಶಕ್ಕೇರಿಸಿದವರು, 1982ರ ಮಾದರಿಯೆಂದು ಸಾಧಾರಣ ಷೆವರ್ಲೆ ಕಾರೊಂದಕ್ಕೆ ಕ್ಯಾಡಿಲಾಕ್ ಬಿಲ್ಲೆ ಹಚ್ಚಿ ಸಿಮರಾನ್ ಎಂದು ಮಾರಲು ಹೋದರು. ಕರಿಗೋಟಿನ ಗೋಣಿಗೆ ಹಳೆ ಅಡಿಕೆಯ ಚೀಟಿ ಹಚ್ಚಿದ ಹಾಗೆ. ಅಡಿಕೆ ವ್ಯಾಪಾರ ಗೊತ್ತಿದ್ದವರು ಯಾರೂ ಆ ಕೆಲಸ ಮಾಡುತ್ತಿರಲಿಲ್ಲ. ಇಚ್ಚನಿಗೆ ಇದನ್ನು ಮಾತ್ರ ನಾನು ಹೇಳಲಿಲ್ಲ.

ಕೆಲವು ವರ್ಷದ ಹಿಂದೆ ಅವರನ್ನು ಎದೆನೋವೆಂದು ನನ್ನ ಪುಟ್ಟ ಮಾರುತಿಯಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆ. ಎಪ್ಪತ್ತು ದಾಟಿತ್ತು. ಅಭ್ಯಾಸಬಲದಿಂದ ಡ್ರೈವರನ ಬಾಗಿಲಿಗೇ ಕೈಹಾಕಿದವರನ್ನು, “ಬೇಡ ಇಚ್ಚ, ನೀವು ಹಿಂದೆ ಕಾಲು ಚಾಚಿ ಕೂತ್ಕೊಳ್ಳಿ” ಎಂದು ಕೂರಿಸಿದೆ. ಕುಂಬಳೆ ದಾಟುವವರೆಗೂ ಮಾತಿಲ್ಲ. ನೋವು ಹೆಚ್ಚಾಯಿತೇನೋ ಎಂದು ಹೆದರಿ ಕನ್ನಡಿಯಲ್ಲಿ ನೋಡಿದರೆ ಆಚೀಚೆ ಕತ್ತು ವಾಲಿಸುತ್ತಿದ್ದಾರೆ.

“ಏನು ಇಚ್ಚ?”

“ಹಿಂದಿನ ಸೀಟಿನಲ್ಲಿ ನಾನು ಈವರೆಗೆ ಕೂತದ್ದಿಲ್ಲ ಮೋನೆ. ಇಲ್ಲಿಂದ ದಾರಿಯೇ ಕಾಣುದಿಲ್ಲ. ಬರೇ ನಿನ್ನ ತಲೆ ಕಾಣ್ತದೆ.”

ಸ್ವಲ್ಪ ಹೊತ್ತು ಬಿಟ್ಟು, ತಮ್ಮಷ್ಟಕ್ಕೇ ಅಂದರು: “ಪಾಪ ಆ ಅರಬಿ. ಅಷ್ಟು ಒಳ್ಳೇ ಕಾರು ತಗೊಂಡು ಹದಿಮೂರು ವರ್ಷ ನನ್ನ ತಲೆಯನ್ನೇ ನೋಡಿದ.”

ಮಂಜೇಶ್ವರದಲ್ಲಿ ಕಾರು ನಿಲ್ಲಿಸಿ ಅವರನ್ನು ಮುಂದಿನ ಸೀಟಿಗೆ ಕೂರಿಸಿಕೊಂಡೆ. ತಲಪಾಡಿ ಗಡಿ ದಾಟುವಾಗ ನನ್ನ ಗೇರು ಸರಿಯಿಲ್ಲವೆಂದು ಬೈದರು. ಎದೆನೋವು ಅರ್ಧ ಕಡಿಮೆಯಾಗಿತ್ತು.

ಆ ಸಲ ಗುಣವಾಗಿ ಬಂದರು. ಮುಂದಿನ ಸಲ ಬರಲಿಲ್ಲ. ಬೊಂಬಾಯಿಯಲ್ಲಿ 1928ರಲ್ಲಿ ಕಾರ್ಖಾನೆ ತೆರೆದು 1954ರಲ್ಲಿ ಮುಚ್ಚಿದ್ದ ಜನರಲ್ ಮೋಟರ್ಸ್, ಮತ್ತೆ ಬಂದು ನಮ್ಮ ಕಡೆಯ ಮದುವೆ ದಿಬ್ಬಣಗಳಿಗೆಲ್ಲ ಟವೇರಾ ಓಡಿಸಿ, 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಮರದ ಸಂಕ ಹೋಗಿ ಸಿಮೆಂಟಿನದ್ದು ಬಂದಿದೆ. ಹದಿನೆಂಟು ಅಡಿಯ ಕಾರೂ ಅದರ ಮೇಲೆ ಹಾಯಬಹುದು. ದುಂಡು ತಲೆಯ ಕೀಲಿಕೈ ಇಚ್ಚನ ಮನೆಯಲ್ಲೇ ಉಂಟು. ಸೊಸೆ ಅದನ್ನು ಪಂಪುಶೆಡ್ಡಿನ ಕೀಲಿಯ ಜೊತೆ ಒಂದೇ ಬಳೆಗೆ ಪೋಣಿಸಿದ್ದಾಳೆ. ಪಂಪುಶೆಡ್ಡಿನ ಬೀಗ ದಿನಾ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ.