ಯಲಹಂಕದಿಂದ ಥೇಮ್ಸ್ ದಂಡೆಗೆ

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಯಲಹಂಕದ ನಮ್ಮ ಬೀದಿಗೆ ವಿದೇಶವೆಂಬುದು ನೆರೆಯೂರಿನಂತಾಗಿದೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಬರುವ ಬಸ್ಸುಗಳಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಕಾಣದ ದಿನವಿಲ್ಲ. 2023ರ ಬೇಸಿಗೆಯಲ್ಲಿ ನಾವು ದಂಪತಿಗಳೂ ಹಾಗೆಯೇ ಹೊರಟೆವು. 2015ರ ನವೆಂಬರ್ 14ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಣ್ಣಾರೆ ಕಾಣಬೇಕೆಂಬುದು ನಮ್ಮ ಮನೆಯವರ ಬಹುದಿನದ ಬಯಕೆ. ನಿವೃತ್ತಿವೇತನದಲ್ಲಿ ಉಳಿಸಿದ ಹಣವಾದ್ದರಿಂದ ಪ್ರತಿಯೊಂದಕ್ಕೂ ಲೆಕ್ಕ.

ಹಿಂದೊಮ್ಮೆ ಹೋಗಿಬಂದಿದ್ದ ಭಾಮೈದ ತನ್ನಲ್ಲಿ ಉಳಿದಿದ್ದ 20 ಪೌಂಡಿನ 4 ನೋಟುಗಳನ್ನು ಕೊಟ್ಟಿದ್ದ. ಮಿಕ್ಕ ಖರ್ಚಿಗೆ ಬ್ಯಾಂಕಿನ ಕಾರ್ಡು ಇದೆಯಲ್ಲ ಎಂದು ನಾನು ಬೇರೆ ನೋಟುಗಳನ್ನು ಕೊಳ್ಳಲೇ ಇಲ್ಲ. ಮನೆಯವರು ಮಾತ್ರ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡರು. ಹಾಲಿನ ಪದಾರ್ಥಗಳನ್ನು ಆ ದೇಶದೊಳಕ್ಕೆ ಬಿಡುವುದಿಲ್ಲವೆಂದು ತಿಳಿದು ತುಪ್ಪ, ಪೇಡೆಗಳನ್ನು ಮನೆಯಲ್ಲಿಯೇ ಬಿಟ್ಟೆವು. ಇಷ್ಟೊಂದು ರೊಟ್ಟಿ ಏತಕ್ಕೆಂದು ನಾನು ನಕ್ಕದ್ದೂ ಉಂಟು.

ಪರಿಚಿತರೊಬ್ಬರು ವಿಮಾನ ನಿಲ್ದಾಣದಿಂದ ಕರೆದೊಯ್ದು ಲ್ಯಾಂಬೆತ್‌ನ ವಸತಿಗೃಹಕ್ಕೆ ಬಿಟ್ಟರು. ಮರುದಿನ ಬೆಳಗ್ಗೆ ಪ್ರತಿಮೆಯ ದರ್ಶನ ಮುಗಿಸಿ ಸಮೀಪದ ಅಂಗಡಿಯಲ್ಲಿ ನೋಟು ಕೊಟ್ಟರೆ, ಅಂಗಡಿಯವನು ನಯವಾಗಿ ಹಿಂದಿರುಗಿಸಿದ. ಕಾಗದದ 20 ಮತ್ತು 50 ಪೌಂಡಿನ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು, ಈಗಿನವು ಪಾಲಿಮರಿನವು. ಕಾರ್ಡೂ ನಡೆಯಲಿಲ್ಲ. ವಿದೇಶದ ಬಳಕೆಗೆ ಅನುಮತಿಯನ್ನು ನಾವೇ ಹೊರಡುವ ಮುನ್ನ ಹಾಕಿಕೊಳ್ಳಬೇಕಿತ್ತು. ಬಸ್ಸು ಹತ್ತೋಣವೆಂದರೆ, ಲಂಡನ್ನಿನ ಬಸ್ಸುಗಳು 2014ರಿಂದಲೇ ನಗದು ಪಡೆಯುವುದಿಲ್ಲ. ಜೇಬಿನಲ್ಲಿ ಹಣವಿದ್ದೂ ಹಸಿದು ನಿಲ್ಲುವ ಅನುಭವ ಅರವತ್ತು ದಾಟಿದ ಮೇಲೆ ಯಾರಿಗೂ ಬೇಡ. ಮನೆಯವರಿಗೆ ಸಕ್ಕರೆ ಕಾಯಿಲೆ. ಹೊತ್ತು ಮೀರಿದರೆ ಕೈಕಾಲು ನಡುಗುತ್ತವೆ. ನದಿಯ ದಂಡೆಯ ಕಲ್ಲುಬೆಂಚಿನ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದೆವು. ನಾನು ಮಾತನಾಡಲಿಲ್ಲ; ಅವರೂ ಹಂಗಿಸಲಿಲ್ಲ.

ಅನಂತರ ಗಂಟೆಗೂ ಮಿಕ್ಕಿ ನಡೆದು ಥ್ರೆಡ್‌ನೀಡಲ್ ಬೀದಿಯ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋದೆವು. ಚಲಾವಣೆ ತಪ್ಪಿದ ತನ್ನ ನೋಟುಗಳನ್ನು ಆ ಬ್ಯಾಂಕು ಎಷ್ಟು ವರ್ಷ ಕಳೆದರೂ ಬದಲಾಯಿಸಿಕೊಡುತ್ತದೆ. ಸಾಲಿನಲ್ಲಿ ನಿಂತು 80 ಪೌಂಡನ್ನೂ ಪಡೆದೆವು. ಆ ರಾತ್ರಿ ಊರಿನ ಬ್ಯಾಂಕಿಗೆ ಕರೆಮಾಡಿ ಕಾರ್ಡನ್ನು ಸರಿಪಡಿಸಿಕೊಂಡದ್ದಾಯಿತು.

ಉಳಿದ ದಿನಗಳು ಸುಗಮ. 2023ರಲ್ಲಿ ಬಸ್ಸಿಗೆ 1.75 ಪೌಂಡು ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಮತ್ತೆ ದುಡ್ಡಿರಲಿಲ್ಲ. ಸಂಜೆಯ ಹೊತ್ತು ದೊಡ್ಡ ಅಂಗಡಿಗಳಲ್ಲಿ ಹಳದಿ ಚೀಟಿ ಅಂಟಿಸಿ ಬ್ರೆಡ್ಡು, ಹಣ್ಣುಗಳ ಬೆಲೆ ಇಳಿಸುತ್ತಾರೆ. ನಲ್ಲಿಯ ನೀರನ್ನೇ ಕುಡಿಯಬಹುದು, ಬಾಟಲಿಗೆ ಹಣ ಸುರಿಯಬೇಕಿಲ್ಲ. ಸೌತಾಲಿನ ಗುರುದ್ವಾರದಲ್ಲಿ ಸಸ್ಯಾಹಾರದ ಲಂಗರಿನ ಪಂಕ್ತಿಯಲ್ಲಿ ಕುಳಿತಾಗ ಸಿದ್ಧಗಂಗೆಯ ದಾಸೋಹವೇ ನೆನಪಾಯಿತು. ಬಿಸಿ ದಾಲ್ ಬಡಿಸಿದವರು ಎಲ್ಲಿಯವರೆಂದು ಸಹ ಕೇಳಲಿಲ್ಲ.

ಈಗ ನಮ್ಮ ಬಂಧುಗಳಲ್ಲಿ ಯಾರು ಹೊರಟರೂ ಹೇಳುತ್ತೇನೆ: ಪರವಾನಗಿಯುಳ್ಳ ವಿನಿಮಯದವರಲ್ಲಿಯೇ ನೋಟು ಕೊಳ್ಳಿ, ಸ್ವಲ್ಪ ಚಿಕ್ಕ ನೋಟುಗಳಿರಲಿ, ಗಂಡಹೆಂಡಿರು ಹಂಚಿ ಇಟ್ಟುಕೊಳ್ಳಿ, ಕಾರ್ಡುಗಳು ಎರಡಿರಲಿ. ಹಿಂದಿರುಗುವಾಗ ನಮ್ಮಲ್ಲಿ ಉಳಿದದ್ದು ಪಾಲಿಮರಿನ ಒಂದೇ ನೋಟು. ಅದನ್ನು ಭಾಮೈದನಿಗೆ ಕೊಟ್ಟಾಗ, ಮುಂದಿನ ಸಲ ಬೇಗ ಖರ್ಚುಮಾಡು ಎಂದು ಅವನ ಅಕ್ಕ ನಕ್ಕರು.