ಒಂದು ಶಾಫ್ಟು, ಒಂದು ಚಳಿಗಾಲ

ಶಾಫ್ಟಿನ ತುದಿ ಅಣಬೆಯ ಹಾಗೆ ಅರಳಿಕೊಂಡದ್ದನ್ನು ಕಂಡಾಗಲೇ ನಾನು ಸುತ್ತಿಗೆ ಕೆಳಗಿಡಬೇಕಿತ್ತು. ಇಡಲಿಲ್ಲ. ಇನ್ನೂ ನಾಲ್ಕು ಏಟು ಹಾಕಿದೆ. ನಾಲ್ಕನೆಯ ಏಟಿಗೆ ಆಚೆ ಬದಿಯಲ್ಲಿ ಚಟ್ ಎಂದಿತು. ಅಂತೂ ಬಿಟ್ಟುಬಂತು ಎಂದುಕೊಂಡು ಟಾರ್ಚು ಹಿಡಿದು ಬಗ್ಗಿದರೆ, ಚೈನ್‌ಕೇಸಿನ ಅಲ್ಯೂಮಿನಿಯಂ ಎರಕದಲ್ಲಿ, ಬೇರಿಂಗ್ ಕೂರುವ ಜಾಗದಿಂದ ಬೋಲ್ಟಿನ ತೂತಿನವರೆಗೆ, ಕೂದಲೆಳೆಯಂಥ ಬಿರುಕು.

ಗಾಡಿ ನನ್ನದಾಗಿರಲಿಲ್ಲ.

ನಾವು ಮಿನೆಸೋಟಾದ ಡುಲೂತ್‌ನಲ್ಲಿ ಮನೆ ಮಾಡಿ ಒಂಬತ್ತು ವರ್ಷ. ಪಕ್ಕದ ಮನೆಯ ಹಿರಿಯರನ್ನು ನನ್ನ ಮಗಳು ಮೊದಲ ದಿನದಿಂದಲೇ ‘ಅಜ್ಜ’ ಎಂದಳು. ಅವರಿಗೂ ಅದು ಹಿಡಿಸಿ, ಈಗ ನಮ್ಮ ಬೀದಿಗೆಲ್ಲ ಅವರು ಅಜ್ಜನೇ. ಹುಟ್ಟಿ ಬೆಳೆದದ್ದು ಕೆನಡಾದ ಗಡಿಗೆ ಹತ್ತಿರದ ರೋಸೋ ಊರಿನ ಕಡೆ. ಬೇಸಾಯದ ಸಲಕರಣೆ ಮಾಡಿಕೊಂಡಿದ್ದ ಎಡ್ಗರ್ ಹೆಟೀನ್, ತಮ್ಮ ಆಲನ್ ಮತ್ತು ಡೇವಿಡ್ ಜಾನ್ಸನ್ 1950ರ ದಶಕದ ನಡುವಿನಲ್ಲಿ ಹಿಮದ ಮೇಲೆ ಓಡುವ ಯಂತ್ರ ಕಟ್ಟಿದ್ದು ಆ ಊರಿನಲ್ಲೇ. ಪೋಲಾರಿಸ್ ಕಂಪನಿ ಬೆಳೆದದ್ದು ಹಾಗೆ. 1960ರಲ್ಲಿ ಹೆಟೀನ್ ತಂಡ ಅಂಥ ಗಾಡಿಗಳನ್ನೇರಿ ಅಲಾಸ್ಕಾದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗೆ ಹೋದ ಕಥೆಯನ್ನು ಅಜ್ಜ ತಾವೇ ಜೊತೆಗಿದ್ದವರಂತೆ ಹೇಳುತ್ತಾರೆ. 1970ರ ದಶಕದಲ್ಲಿ ಅವರು ಕೊಂಡ ಪೋಲಾರಿಸ್ ಸೌದೆ ಎಳೆದಿದೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವ ಗುಡಿಸಲನ್ನು ಎಳೆದಿದೆ. ಆಮೇಲೆ ಹನ್ನೊಂದು ವರ್ಷ ಶೆಡ್ಡಿನಲ್ಲಿ ನಿಂತಿತ್ತು.

ಆ ವರ್ಷ ಕ್ರಿಸ್‌ಮಸ್‌ಗೆ ಟೆಕ್ಸಾಸ್‌ನಿಂದ ಮೊಮ್ಮಗ ಬರುವವನಿದ್ದ. ಅವನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕೆಂಬುದು ಅಜ್ಜನ ಆಸೆ. ಅವರಿಗೆ ಎಂಬತ್ತೊಂದು, ಮಂಡಿಯ ಆಪರೇಷನ್ ಆಗಿ ತಿಂಗಳಾಗಿತ್ತು. ಎಂಜಿನ್ ಚೆನ್ನಾಗಿತ್ತು, ಆದರೆ ಡ್ರೈವ್ ಶಾಫ್ಟಿನ ಬೇರಿಂಗುಗಳು ಕಿರುಚುತ್ತಿದ್ದವು. ನಾನು ಬದಲಾಯಿಸಿ ಕೊಡುತ್ತೇನೆ ಎಂದೆ. ಮೆಕ್ಯಾನಿಕಲ್ ಎಂಜಿನಿಯರ್ ನಾನು. ದಾವಣಗೆರೆಯಲ್ಲಿ ಅಪ್ಪನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದವನು. “ನಾನೂ ಬಂದು ಕೂತಿರ್ತೀನಿ” ಎಂದರು ಅಜ್ಜ. ಚಳಿಯಲ್ಲಿ ಬೇಡ, ಮಂಡಿಗೆ ಆಗಲ್ಲ ಎಂದೆ. ನಿಜ ಹೇಳಬೇಕೆಂದರೆ, ಕೆಲಸ ಮಾಡುವಾಗ ಪಕ್ಕದಲ್ಲಿ ತಿಳಿದವರೊಬ್ಬರು ನೋಡುತ್ತ ಕೂರುವುದು ನನಗೆ ಬೇಡವಾಗಿತ್ತು.

ಹಿಮದ ಗಾಡಿಯ ಸೀಟಿನ ಕೆಳಗೆ ತಗಡಿನ ಸುರಂಗವೊಂದಿದೆ. ಅದರೊಳಗೆ ಸುತ್ತುವ ರಬ್ಬರ್ ಪಟ್ಟಿಯೇ ಟ್ರ್ಯಾಕು. ಸುರಂಗದ ಮುಂಭಾಗದಲ್ಲಿ ಅಡ್ಡಲಾಗಿ ಕೂತ ಶಾಫ್ಟಿನ ಹಲ್ಲುಚಕ್ರಗಳು ಟ್ರ್ಯಾಕನ್ನು ದೂಡುತ್ತವೆ. ಶಾಫ್ಟಿನ ಒಂದು ತುದಿ ಎಣ್ಣೆ ತುಂಬಿದ ಚೈನ್‌ಕೇಸಿನೊಳಗೆ, ಇನ್ನೊಂದು ತುದಿ ಸ್ಪೀಡೋಮೀಟರ್ ಕೇಬಲ್ ಸೇರುವ ಕಡೆಯ ಬೇರಿಂಗಿನೊಳಗೆ. ಎರಡೂ ಕಡೆ ಬಿಡಿಸಿಕೊಂಡರೆ ಶಾಫ್ಟನ್ನು ಒಂದು ಬದಿಗೆ ಸರಿಸಿ, ಇನ್ನೊಂದು ತುದಿ ತಪ್ಪಿದ ಕೂಡಲೇ ಕೆಳಕ್ಕೆ ಇಳಿಸಬಹುದು. ನಾನು ಎಣ್ಣೆ ಇಳಿಸಿದೆ, ಚೈನು ತೆಗೆದೆ, ಸ್ಪ್ರಾಕೆಟ್ ಕಳಚಿದೆ, ಹಿಂದಿನ ಬೋಲ್ಟು ಸಡಿಲಿಸಿ ಟ್ರ್ಯಾಕಿನ ಬಿಗಿ ಇಳಿಸಿದೆ. ಶಾಫ್ಟು ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದು ತೀರ್ಮಾನಿಸಿಬಿಟ್ಟೆ.

ತುಕ್ಕು ಇದ್ದದ್ದೂ ಹೌದು. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಬೇರಿಂಗಿನ ಒಳಬಳೆಗೂ ಶಾಫ್ಟಿಗೂ ನಡುವೆ ಅದು ಹಿಗ್ಗಿದರೆ ಹಿಡಿತ ಗಟ್ಟಿಯಾಗುತ್ತದೆ. ಅದಕ್ಕೆ ಮದ್ದು ಎಣ್ಣೆ, ಹದವಾದ ಬಿಸಿ, ದಿನಗಟ್ಟಲೆ ಕಾಯುವುದು. ನಾನು ಎಣ್ಣೆ ಬಿಟ್ಟು ಅರ್ಧ ಗಂಟೆಯೂ ಕಾಯಲಿಲ್ಲ. ಶಾಫ್ಟಿನ ತುದಿಗೆ ನಟ್ಟು ಹಾಕಿ ಅದರ ಮೇಲೆ ಹಿತ್ತಾಳೆ ತುಂಡಿಟ್ಟು ಬಡಿಯಬೇಕೆಂಬುದು ಗೊತ್ತಿತ್ತು. ಗೊತ್ತಿದ್ದೂ ಉಕ್ಕಿನ ಸುತ್ತಿಗೆಯಿಂದ ಉಕ್ಕನ್ನೇ ಬಡಿದೆ. ಅರಳಿದ ತುದಿ ಬೇರಿಂಗಿನ ತೂತಿನಲ್ಲಿ ಹಾಯುವುದು ಇನ್ನು ಸಾಧ್ಯವೇ ಇರಲಿಲ್ಲ. ಒಂದೊಂದು ಏಟೂ ಬಳೆಯಿಂದ ಗುಂಡುಗಳಿಗೆ, ಗುಂಡುಗಳಿಂದ ಎರಕಕ್ಕೆ ಹೋಗಿ ಮುಟ್ಟಿತು. ಕೊನೆಗೆ ಸೀಳಿದ್ದು ಎಲ್ಲಕ್ಕಿಂತ ಮೆದುವಾದದ್ದು.

ಇಷ್ಟು ಹೇಳುವುದು ಕಷ್ಟವಲ್ಲ. ಕಷ್ಟದ್ದು ಮುಂದಿನದು. ಅಜ್ಜ ಬೇಲಿಯಾಚೆಯಿಂದ ಕೇಳಿದಾಗ ನಾನು, “ಬೇರಿಂಗ್ ಇನ್ನೂ ಬಂದಿಲ್ಲ, ಹಳೇ ಗಾಡಿ ನೋಡಿ, ಸಿಗೋದು ಕಷ್ಟ” ಎಂದೆ. ಬೇರಿಂಗ್ ಪೊಟ್ಟಣ ಗ್ಯಾರೇಜಿನ ಕಪಾಟಿನಲ್ಲೇ ಇತ್ತು. ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಮಗಳು ಪಕ್ಕದಲ್ಲಿದ್ದಳು. ಅವಳೇನೂ ಅನ್ನಲಿಲ್ಲ, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಅದಾದ ಮೇಲೆ ಅವಳು ಗ್ಯಾರೇಜಿಗೆ ಬರುವುದನ್ನು ಬಿಟ್ಟಳು. ಮೂರು ವಾರ ನಾನು ಅದೇ ಸುಳ್ಳನ್ನು ಬೇರೆಬೇರೆ ಮಾತಿನಲ್ಲಿ ಹೇಳಿದೆ. ಮೊಮ್ಮಗ ಬಂದ, ಮುಂದಿನ ರಸ್ತೆಯ ದಿಬ್ಬದಲ್ಲಿ ಪ್ಲಾಸ್ಟಿಕ್ ಹಲಗೆಯ ಮೇಲೆ ಜಾರಿ ಆಡಿದ, ಐದನೇ ದಿನ ವಾಪಸು ಹೋದ.

ಅವನು ಹೋದ ಮಾರನೆಯ ದಿನ ಅಜ್ಜನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೋಲೂರಿಕೊಂಡು ನನ್ನ ಹಿಂದೆಯೇ ಬಂದರು. ಬಿರುಕಿನ ಮೇಲೆ ಬೆರಳಾಡಿಸಿದರು, ಆ ಬಗ್ಗೆ ಏನೂ ಅನ್ನಲಿಲ್ಲ. ವೈರ್ ಬ್ರಷ್ ಕೇಳಿ ಇಸಿದುಕೊಂಡು, ಸ್ಪೀಡೋಮೀಟರ್ ಕಡೆ ಹೋಗಿ, ಒಣಗಿದ ಗ್ರೀಸು, ಇಲಿ ಗೂಡಿನ ಕಸ ಎಲ್ಲ ಉಜ್ಜಿ ತೆಗೆದರು. ಬೇರಿಂಗಿಗೆ ಒತ್ತಿಕೊಂಡಂತೆ ಒಂದು ಉಕ್ಕಿನ ಕೊರಳಪಟ್ಟಿ. ಅದರಲ್ಲಿ ಅಲೆನ್ ಕೀ ಹಾಕುವ ಪುಟ್ಟ ತಿರುಪು.

“ಇದು ಸಿಕ್ಕಿಕೊಂಡಿರಲಿಲ್ಲ ಮಗಾ, ಬೀಗ ಹಾಕಿತ್ತು” ಎಂದರು.

ಆ ಪಟ್ಟಿಯ ಒಳತೂತು ನಟ್ಟನಡುವೆ ಇರುವುದಿಲ್ಲ, ತುಸು ಓರೆಗಿರುತ್ತದೆ. ಬೇರಿಂಗಿನ ಒಳಬಳೆಯ ಅಂಚೂ ಹಾಗೆಯೇ. ಶಾಫ್ಟು ತಿರುಗುವ ದಿಕ್ಕಿಗೇ ಪಟ್ಟಿಯನ್ನು ತಿರುಗಿಸಿದರೆ ಎರಡೂ ಒಂದಕ್ಕೊಂದು ಬಿಗಿದುಕೊಂಡು ಶಾಫ್ಟನ್ನು ಅವುಚಿ ಹಿಡಿಯುತ್ತವೆ. ಬಿಡಿಸಲು ತಿರುಪು ಸಡಿಲಿಸಿ, ಪಟ್ಟಿಯನ್ನು ಎದುರು ದಿಕ್ಕಿಗೆ ಒಂದೆರಡು ಸಲ ಮೆಲ್ಲಗೆ ತಟ್ಟಿದರಾಯಿತು. ನಾನು ಬಡಿದದ್ದು ಉದ್ದಕ್ಕೆ. ಅದು ಬಿಡುತ್ತಿದ್ದುದು ತಿರುವಿಗೆ. ಇಂಥ ಪಟ್ಟಿಯನ್ನು ನಾನು ಕಾರ್ಖಾನೆಯ ಕನ್ವೇಯರುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಈ ಗ್ರೀಸನ್ನು ಮಾತ್ರ ಒರೆಸಿ ನೋಡಿರಲಿಲ್ಲ.

ಮಾರ್ಚಿನಲ್ಲಿ, ಎಂಜಿನ್ ಕೆಟ್ಟು ಕೊಟ್ಟಿಗೆಯಲ್ಲಿ ಬಿದ್ದಿದ್ದ ಅದೇ ಮಾದರಿಯ ಇನ್ನೊಂದು ಗಾಡಿ ಸಿಕ್ಕಿತು. ಅದರ ಚೈನ್‌ಕೇಸು, ಶಾಫ್ಟು ಬಿಚ್ಚಿಕೊಳ್ಳಬೇಕಿತ್ತು. ಈ ಸಲ ಅಜ್ಜ ಬಕೆಟ್ ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ನಾನೇ ಕರೆದಿದ್ದೆ. ಮಗಳು ಟಾರ್ಚು ಹಿಡಿದಳು. ಮೊದಲು ಉಜ್ಜಿದೆವು, ಆಮೇಲೆ ತಿರುಪು, ಆಮೇಲೆ ಪಟ್ಟಿ. ಮೂರನೇ ತಟ್ಟಿಗೆ ಪಟ್ಟಿ ಬಿಟ್ಟಿತು. ತುಕ್ಕಿಗೆ ನಾಲ್ಕು ದಿನ ಬೆಳಿಗ್ಗೆ ಸಂಜೆ ಎಣ್ಣೆ ಕುಡಿಸಿದೆವು. ಐದನೇ ದಿನ ಹಿತ್ತಾಳೆ ತುಂಡಿಟ್ಟು ಎರಡು ಏಟು ಹಾಕಿದ್ದಕ್ಕೆ ಶಾಫ್ಟು ನನ್ನ ಅಂಗೈಗೆ ಇಳಿಯಿತು.

ಎಲ್ಲ ಜೋಡಿಸಿ ಮುಗಿಸುವ ಹೊತ್ತಿಗೆ ಏಪ್ರಿಲ್. ಅಂಗಳದ ಹಿಮ ಅಲ್ಲಲ್ಲಿ ಕರಗಿ ಹುಲ್ಲು ಕಾಣುತ್ತಿತ್ತು. ಓಡಿಸಲು ನೆಲವಿರಲಿಲ್ಲ. ಎಂಬತ್ತೊಂದು ವರ್ಷದವರಿಂದ ನಾನು ಒಂದು ಚಳಿಗಾಲವನ್ನೇ ಕಿತ್ತುಕೊಂಡಿದ್ದೆ. ಅದನ್ನು ಅವರೆದುರು ಹೇಳಿದೆ ಕೂಡ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ ಎಂಜಿನ್ ಚಾಲೂ ಮಾಡಿಸಿದರು. ಟ್ರ್ಯಾಕು ಗಾಳಿಯಲ್ಲಿ ನಿಧಾನಕ್ಕೆ ಸುತ್ತತೊಡಗಿತು. ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಬೇರಿಂಗಿನ ಮನೆಗೆ ಒತ್ತಿ, ಅದರ ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಮಗಳ ಕೈಗೆ ಕೊಟ್ಟು, ಕೇಳು ಎಂದು ಸನ್ನೆ ಮಾಡಿದರು.